ಇಳಿಜಾರು ಮುಚ್ಚಿಡುವ ಬ್ಯಾಟರಿ ಕಾಯಿಲೆ

ಮೂಡಿಗೆರೆ, ಕಳಸ ಕಡೆಯ ಕಾಫಿ ತೋಟಗಳಲ್ಲಿ ಜೀಪನ್ನೋ ಪಿಕಪ್ಪನ್ನೋ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುವ ರೂಢಿ ಹಳೆಯದು. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ಗಾಡಿಯನ್ನು ಉರುಳಲು ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರಾಯಿತು, ಎಂಜಿನ್ ಎದ್ದುಬಿಡುತ್ತದೆ. ಗುಡ್ಡದ ಊರಿನವರಿಗೆ ಗುಡ್ಡವೇ ಕೊಟ್ಟ ಅನುಕೂಲ ಇದು. ಆದರೆ ಇದೇ ಅನುಕೂಲ ಬ್ಯಾಟರಿಯ ಕಾಯಿಲೆಯನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ಕೊನೆಗೊಂದು ದಿನ ಚಾರ್ಮಾಡಿ ಘಾಟಿ ಇಳಿದು ಸಮತಟ್ಟಾದ ಊರಿನಲ್ಲಿ ನಿಲ್ಲಿಸಿದಾಗ ಗಾಡಿ ಕೈಕೊಡುತ್ತದೆ. ಸುತ್ತ ನೆರೆದವರದ್ದೆಲ್ಲ ಒಂದೇ ತೀರ್ಪು: ಬ್ಯಾಟರಿ ಹೋಯಿತು, ಹೊಸದು ಹಾಕಿಸಿ.

ಹಾಗೆ ಬದಲಾಯಿಸುವ ಬ್ಯಾಟರಿಗಳಲ್ಲಿ ಕೆಲವು ಸತ್ತಿರುವುದೇ ಇಲ್ಲ, ಹಸಿದಿರುತ್ತವೆ ಅಷ್ಟೆ. ಇನ್ನು ಕೆಲವು ನಿಜಕ್ಕೂ ಸತ್ತಿರುತ್ತವೆ, ಆದರೆ ಕೊಂದ ಕಾರಣ ಗಾಡಿಯಲ್ಲೇ ಉಳಿದಿರುತ್ತದೆ. ಅದನ್ನು ಪತ್ತೆ ಮಾಡದೆ ಹಾಕಿದ ಹೊಸ ಬ್ಯಾಟರಿಗೂ ಅದೇ ಗತಿ.

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿಯೇ, ಎಷ್ಟೋ ಸುಧಾರಣೆಗಳ ನಂತರವೂ, ಇಂದಿಗೂ ನಮ್ಮ ಗಾಡಿಗಳ ಬಾನೆಟ್ ಕೆಳಗಿದೆ. ಒಳಗೆ ಆರು ಸೆಲ್‌ಗಳು, ಒಂದೊಂದರದ್ದು ಸುಮಾರು 2.1 ವೋಲ್ಟ್. ಒಂದು ಬಗೆಯ ಪ್ಲೇಟಿನಲ್ಲಿ ಸೀಸದ ಡೈಆಕ್ಸೈಡ್, ಇನ್ನೊಂದರಲ್ಲಿ ಸ್ಪಂಜಿನಂಥ ಶುದ್ಧ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ. ಕರೆಂಟ್ ಹೊರಗೆ ಹರಿದಷ್ಟೂ ಆಮ್ಲದ ಗಂಧಕ ಎರಡೂ ಪ್ಲೇಟುಗಳಿಗೆ ಅಂಟಿ ಸೀಸದ ಸಲ್ಫೇಟ್ ಆಗುತ್ತದೆ, ಆಮ್ಲ ತೆಳುವಾಗುತ್ತ ಹೋಗುತ್ತದೆ. ಚಾರ್ಜ್ ಮಾಡಿದರೆ ಇದೆಲ್ಲ ಹಿಂದಕ್ಕೆ ತಿರುಗುತ್ತದೆ. ಆದರೆ ಬೇಗ ಚಾರ್ಜ್ ಮಾಡಬೇಕು. ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟಿನ ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ, ಮತ್ತೆ ಕರಗಲು ಒಲ್ಲೆ ಎನ್ನುತ್ತವೆ. ಪ್ಲೇಟಿನ ಅಷ್ಟು ಭಾಗ ಶಾಶ್ವತವಾಗಿ ಕೆಲಸ ನಿಲ್ಲಿಸಿದಂತೆ. ಸಲ್ಫೇಷನ್ ಎನ್ನುವುದು ಇದನ್ನೇ.

ಬಯಲುಸೀಮೆಯಲ್ಲಿ ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ಉಷ್ಣತೆ 10 ಡಿಗ್ರಿ ಏರಿದರೆ ಒಳಗಿನ ಸವೆತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮಲೆನಾಡಿನ ತಂಪು ಆ ಮಟ್ಟಿಗೆ ಬ್ಯಾಟರಿಯನ್ನು ಕಾಯುತ್ತದೆ. ಇಲ್ಲಿನ ಶತ್ರುಗಳು ಬೇರೆ: ಮಳೆಗಾಲದಲ್ಲಿ ಗಾಡಿ ಸುಮ್ಮನೆ ನಿಲ್ಲುವುದು ಮತ್ತು ತೋಟದ ರಸ್ತೆಯ ಕುಲುಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜಡಿಯುವಾಗ ಎಷ್ಟೋ ಗಾಡಿಗಳು ವಾರಗಟ್ಟಲೆ ಶೆಡ್ ಬಿಟ್ಟು ಕದಲುವುದಿಲ್ಲ. ಕೀಲಿ ತೆಗೆದಿದ್ದರೂ ಗಡಿಯಾರ, ಅಲಾರಂ, ಟ್ರ್ಯಾಕರ್, ಮ್ಯೂಸಿಕ್ ಸಿಸ್ಟಮ್ ಸದಾ ಸ್ವಲ್ಪ ಕರೆಂಟ್ ಹೀರುತ್ತಿರುತ್ತವೆ. ಅದು ಬರೀ 50 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್-ಗಂಟೆ ಆಯಿತು. 35 ಆಂಪಿಯರ್-ಗಂಟೆಯ ಬ್ಯಾಟರಿ ಹದಿನೈದು ದಿನಕ್ಕೆ ಅರ್ಧ ಖಾಲಿ. ಇದರ ಜೊತೆಗೆ ಬ್ಯಾಟರಿಯ ಮೇಲ್ಭಾಗದಲ್ಲಿ ಕೂತ ಧೂಳು ತೇವ ಹಿಡಿದು ಎರಡು ಟರ್ಮಿನಲ್‌ಗಳ ನಡುವೆ ಕರೆಂಟ್ ಸೋರಲು ದಾರಿ ಮಾಡಿಕೊಡುತ್ತದೆ. ಹೀಗೆ ಮಳೆಗಾಲದಲ್ಲಿ ಹತ್ತಿದ ಕಾಯಿಲೆ ಹೊರಬೀಳುವುದು ಡಿಸೆಂಬರ್‌ನಲ್ಲಿ. ಅರೇಬಿಕಾ ಕೊಯ್ಲಿನ ಆ ಚಳಿಯ ಬೆಳಗುಗಳಲ್ಲಿ ಎಂಜಿನ್ ಆಯಿಲ್ ಮಂದವಾಗಿರುತ್ತದೆ, ಸ್ಟಾರ್ಟರ್ ಹೆಚ್ಚು ಕರೆಂಟ್ ಕೇಳುತ್ತದೆ, ಬ್ಯಾಟರಿಯಲ್ಲಿ ಕೊಡಲು ಅಷ್ಟಿರುವುದಿಲ್ಲ.

ಪತ್ತೆ ಹಚ್ಚುವ ಕೆಲಸ ಹೆಡ್‌ಲೈಟ್‌ನಿಂದ ಶುರುವಾಗಲಿ. ಲೈಟ್ ಹಾಕಿ ಸೆಲ್ಫ್ ಕೊಡಿ. ಲೈಟ್ ತೀರಾ ಮಂಕಾಗಿ ಟಿಕ್ ಟಿಕ್ ಸದ್ದು ಬಂದರೆ ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಲೈಟ್ ಉರಿಯುತ್ತಲೇ ಇದ್ದು ಎಂಜಿನ್ ಮಾತ್ರ ತಿರುಗದಿದ್ದರೆ ದೋಷ ಸ್ಟಾರ್ಟರ್ ಕಡೆಗಿದೆ, ಬ್ಯಾಟರಿಯನ್ನು ದೂರಬೇಡಿ. ಘಾಟಿ ರಸ್ತೆಯ ಗಾಡಿಗಳಲ್ಲಿ ಟರ್ಮಿನಲ್ ಸಡಿಲವಾಗುವುದು, ಬಾಡಿಗೆ ಕಚ್ಚಿದ ಅರ್ತ್ ವೈರ್ ತುಕ್ಕು ಹಿಡಿಯುವುದು ಮಾಮೂಲು. ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕಳಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹಾಗೆ ಮಾಡಿದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ.

ಮುಂದಿನದನ್ನು ಮಲ್ಟಿಮೀಟರ್ ಹೇಳುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ್ದೇ ಸಾಕು, ಪ್ರತಿ ತೋಟದ ಮನೆಯಲ್ಲೂ ಒಂದು ಇರಬೇಕು ಎನ್ನುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಹೊಟ್ಟೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಕೂಡಲೇ ಚಾರ್ಜಿಗೆ ಹಾಕಬೇಕು. ಇಲ್ಲೇ ಬಹಳ ಜನ ಅವಸರ ಮಾಡುವುದು. ಖಾಲಿ ಬ್ಯಾಟರಿಯನ್ನು ಪರೀಕ್ಷಿಸಿದರೆ ಅದು ಕೆಟ್ಟದ್ದೆಂದೇ ಕಾಣುತ್ತದೆ. ಗ್ಯಾರೇಜಿನಲ್ಲಿ ಒಂದು ರಾತ್ರಿ ನಿಧಾನವಾಗಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಆಗಲೂ 10.5ರ ಸುತ್ತ ನಿಂತರೆ ಒಂದು ಸೆಲ್ ಸತ್ತಿದೆ, ದುರಸ್ತಿಯ ಮಾತಿಲ್ಲ. 12.6 ತೋರಿಸಿಯೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಪ್ಲೇಟುಗಳ ಶಕ್ತಿ ಮುಗಿಯುತ್ತ ಬಂದಿದೆ. ನೀರು ಹಾಕುವ ಮುಚ್ಚಳವಿರುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಚಾರ್ಜ್ ಆದಮೇಲೂ ಒಂದು ಸೆಲ್‌ನ ಸಾಂದ್ರತೆ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಬದಲಾಯಿಸುವುದೇ ಸರಿ.

ಎಂಜಿನ್ ಓಡುವಾಗಲೂ ಅಳೆಯದೆ ಹೊಸದಕ್ಕೆ ದುಡ್ಡು ಕೊಡಬೇಡಿ. ಟರ್ಮಿನಲ್‌ನಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 13 ದಾಟದಿದ್ದರೆ ಡೈನಮೋ ಅಥವಾ ಅದರ ಬೆಲ್ಟ್ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಅದು ಬ್ಯಾಟರಿಯ ನೀರನ್ನು ಕುದಿಸಿ ಒಣಗಿಸುತ್ತದೆ. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಚಾರ್ಜಿಂಗ್ ವೋಲ್ಟೇಜನ್ನು ತಾವೇ ಇಳಿಸುತ್ತವೆ; ಅಂಥವನ್ನು ಲೈಟ್, ಬ್ಲೋವರ್ ಹಾಕಿ ಅಳೆಯಬೇಕು.

ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ತಯಾರಾದ ತಿಂಗಳು ನೋಡಿ. ಅಂಗಡಿಯ ಕಪಾಟಿನಲ್ಲಿ ಕೂತ ಬ್ಯಾಟರಿಯೂ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ, ಸಲ್ಫೇಷನ್ ಅಲ್ಲಿಂದಲೇ ಶುರು. ಸಣ್ಣ ಊರುಗಳಲ್ಲಿ ಅಪರೂಪದ ಸೈಜಿನ ಬ್ಯಾಟರಿ ಬಹುಕಾಲ ಕೂತಿರಬಹುದು. ಮೂರು ತಿಂಗಳೊಳಗಿನದು ಒಳ್ಳೆಯದು, ಆರು ದಾಟಿದ್ದನ್ನು ನಾನಂತೂ ಕೊಳ್ಳುವುದಿಲ್ಲ. ಅಂಗಡಿಯಲ್ಲೇ ಮೀಟರ್ ಹಿಡಿಸಿ, 12.4ಕ್ಕಿಂತ ಕಡಿಮೆಯಿದ್ದರೆ ಬೇರೆ ಕೇಳಿ.

ಎಷ್ಟೋ ಬ್ಯಾಟರಿಗಳ ಮೇಲೆ 38ಬಿ20ಎಲ್ ಥರದ ಸಂಕೇತವಿರುತ್ತದೆ. 38 ಅದರ ಸಾಮರ್ಥ್ಯದ ದರ್ಜೆ, ಬಿ ಅಗಲ-ಎತ್ತರದ ಗುರುತು, 20 ಸೆಂಟಿಮೀಟರ್ ಲೆಕ್ಕದ ಉದ್ದ, ಎಲ್ ಎಂಬುದು ಟರ್ಮಿನಲ್ ಯಾವ ಕಡೆಗಿದೆ ಎನ್ನುವುದು. ಕೊನೆಯ ಅಕ್ಷರ ತಪ್ಪಿದರೆ ಕೇಬಲ್ ಮುಟ್ಟುವುದೇ ಇಲ್ಲ. ಟ್ರೇಯಲ್ಲಿ ಸರಿಯಾಗಿ ಕೂರುವುದಾದರೆ ಸ್ವಲ್ಪ ದೊಡ್ಡ ಸಾಮರ್ಥ್ಯದ್ದು ಹಾಕಿದರೆ ತೊಂದರೆಯಿಲ್ಲ. ಡೈನಮೋ ಅದನ್ನು ತುಂಬಲಾರದು ಎಂಬ ಮಾತು ಸರಿಯಲ್ಲ, ಖರ್ಚಾದಷ್ಟನ್ನು ಮಾತ್ರ ಡೈನಮೋ ಮರಳಿ ತುಂಬಬೇಕು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಕಾರಿಗೆ ಮಾತ್ರ ಅದಕ್ಕೆಂದೇ ಬರುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು. ವಾರಂಟಿಯ ಒಟ್ಟು ತಿಂಗಳು ನೋಡಿ ಮರುಳಾಗಬೇಡಿ. ಅದರಲ್ಲಿ ಪೂರ್ತಿ ಉಚಿತವಾಗಿ ಬದಲಾಯಿಸಿ ಕೊಡುವುದು ಎಷ್ಟು ತಿಂಗಳು, ಬರೀ ರಿಯಾಯಿತಿ ಎಷ್ಟು ತಿಂಗಳು ಎಂದು ಕೇಳಿ, ಕಾರ್ಡಿಗೆ ಸೀಲು ಹಾಕಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಬ್ಯಾಟರಿಯನ್ನು ಹಿಡಿದಿಡುವ ಕ್ಲಾಂಪ್ ಬಿಗಿಯಾಗಿರಲಿ. ಕುಲುಕಿದಷ್ಟೂ ಪ್ಲೇಟಿನ ಪುಡಿ ಉದುರಿ ತಳ ಸೇರುತ್ತದೆ, ಎಷ್ಟು ಬೆಲೆಯ ಬ್ಯಾಟರಿಯೂ ಅದನ್ನು ತಡೆಯಲಾರದು.

ಹಳೆಯದನ್ನು ತೋಟದ ಮೂಲೆಯಲ್ಲಿ ಬಿಸಾಡಬೇಡಿ, ಅದರ ಆಮ್ಲವನ್ನು ಹಳ್ಳಕ್ಕೆ ಚೆಲ್ಲಬೇಡಿ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಮಕ್ಕಳ ಮಿದುಳಿಗೆ ವಿಷ. ಮೂಡಿಗೆರೆ ತಾಲ್ಲೂಕಿನಲ್ಲಿ ಹೇಮಾವತಿ ಹುಟ್ಟುತ್ತಾಳೆ, ಕಳಸದ ಮಗ್ಗುಲಲ್ಲಿ ಭದ್ರೆ ಹರಿಯುತ್ತಾಳೆ. ನಮ್ಮ ಹಳ್ಳಗಳೆಲ್ಲ ಸೇರುವುದು ಇಂಥ ನದಿಗಳನ್ನೇ. ಬಳಸಿದ ಬ್ಯಾಟರಿಗಳ ಮರುಬಳಕೆಗೆಂದು 2022ರಿಂದ ದೇಶದಲ್ಲಿ ಹೊಸ ನಿಯಮಗಳಿವೆ, ಅಂಗಡಿಗಳು ಹಳೆಯದಕ್ಕೆ ಬೆಲೆಯನ್ನೂ ಕಟ್ಟುತ್ತವೆ. ಹೊಸದು ಕೊಳ್ಳುವಾಗಲೇ ಅದನ್ನು ಒಪ್ಪಿಸಿ, ಆ ಬೆಲೆಯನ್ನು ಬಿಲ್ಲಿನಲ್ಲಿ ಕಳೆಸಿಕೊಳ್ಳಿ.