ಸರ್ಕಾರಿ ಶಾಲೆಗಳಿಗೆ ಒಂದೇ ಜಾಲ: ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ತುಮಕೂರಿನ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಿರಲಿ, ಕುಣಿಗಲ್ ಬಳಿಯ ಅಂಚೇಪಾಳ್ಯವಿರಲಿ, ಸಣ್ಣ ಉದ್ಯಮಿಗಳ ಮಾತಿನಲ್ಲಿ ಪದೇ ಪದೇ ಕೇಳಿಬರುವ ಕೊರತೆಯೊಂದಿದೆ. ದುಡಿಯುವ ಕೈಗಳು ದೊರೆಯುತ್ತವೆ. ಆದರೆ ದಾಸ್ತಾನನ್ನು ಗಣಕದಲ್ಲಿ ನಮೂದಿಸಬಲ್ಲ, ಇ-ವೇ ಬಿಲ್ಲನ್ನು ತಪ್ಪಿಲ್ಲದೆ ಸಿದ್ಧಪಡಿಸಬಲ್ಲ ಯುವಕ ಯುವತಿಯರು ಸುಲಭವಾಗಿ ದೊರೆಯುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಮೇಲೆ ಈ ಪ್ರಶ್ನೆಗೆ ಇನ್ನಷ್ಟು ತೂಕ ಬಂದಿದೆ. ಕಾರ್ಖಾನೆ ಊರಿಗೆ ಬಂದಿತು. ಅದರ ಸುತ್ತ ಬೆಳೆಯುವ ಉದ್ಯೋಗಗಳಿಗೆ ನಿಟ್ಟೂರು, ಚೇಳೂರು, ಹಾಗಲವಾಡಿಯ ಮಕ್ಕಳು ಅರ್ಹರಾಗುವರೇ? ಇದಕ್ಕೆ ಉತ್ತರ ಬಹುಮಟ್ಟಿಗೆ ಸರ್ಕಾರಿ ಶಾಲೆಗಳಲ್ಲಿದೆ.

ರಾಜ್ಯದ ಸರ್ಕಾರಿ ಶಾಲೆಗಳನ್ನೆಲ್ಲ ಒಂದು ಸಾಮಾನ್ಯ ತಂತ್ರಜ್ಞಾನ ಜಾಲದಡಿ ತರಬೇಕೆಂಬ ಚಿಂತನೆ ಹೊಸದೇನೂ ಅಲ್ಲ. ವರ್ತಕರಿಗೆ ಇದನ್ನು ಎಪಿಎಂಸಿ ಪ್ರಾಂಗಣದ ಹೋಲಿಕೆಯಿಂದ ವಿವರಿಸಬಹುದು. ಪ್ರಾಂಗಣದ ಪ್ರತಿ ಮಳಿಗೆಯೂ ತನ್ನದೇ ತೂಕದ ಸೇತುವೆಯನ್ನು ಹೂಡುವುದಿಲ್ಲ. 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯ ಮೂಲಕ ರಾಜ್ಯದ ಮಾರುಕಟ್ಟೆಗಳನ್ನು ಏಕೀಕೃತ ವೇದಿಕೆಗೆ ತರುವ ಕಾರ್ಯ ಆರಂಭವಾದಾಗಲೂ ತತ್ತ್ವ ಇದೇ ಆಗಿತ್ತು. ಒಂದೊಂದು ಶಾಲೆಯೂ ಬೇರೆ ಬೇರೆಯಾಗಿ ಸಂಪರ್ಕ, ತಂತ್ರಾಂಶ, ದುರಸ್ತಿಗಳನ್ನು ಕೊಂಡರೆ ಬೆಲೆ ಹೆಚ್ಚು, ಹೊಣೆ ಯಾರದೂ ಅಲ್ಲ. ನಲವತ್ತೈದು ಸಾವಿರಕ್ಕೂ ಮೇಲ್ಪಟ್ಟ ಶಾಲೆಗಳು ಒಂದಾಗಿ ಕೊಂಡರೆ ಬೆಲೆ ಇಳಿಯುತ್ತದೆ, ಹೊಣೆಯೂ ನಿಶ್ಚಿತವಾಗುತ್ತದೆ.

ಕಾಲು ಶತಮಾನದ ಯತ್ನ

ಈ ದಿಸೆಯಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2001ರ ಸುಮಾರಿಗೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗಾಗಿ 'ಮಾಹಿತಿ ಸಿಂಧು' ಯೋಜನೆ ಆರಂಭವಾಯಿತು. ಖಾಸಗಿ ತರಬೇತಿ ಸಂಸ್ಥೆಗಳು ಗಣಕಗಳನ್ನೂ ಬೋಧಕರನ್ನೂ ಒದಗಿಸಿದವು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ 'ಶಾಲೆಗಳಲ್ಲಿ ಐ.ಸಿ.ಟಿ.' ಯೋಜನೆ ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ನೆರವಿನಿಂದ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಿತ್ತರಗೊಂಡವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಅನಂತರ 2016-17ರಲ್ಲಿ ಶಿಕ್ಷಕರ ತರಬೇತಿಗೇ ಒತ್ತು ನೀಡಿದ 'ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ' ಬಂದಿತು. 2017ರಲ್ಲಿ ಕೇಂದ್ರದ 'ದೀಕ್ಷಾ' ವೇದಿಕೆ ಆರಂಭವಾಯಿತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳೇ ಅನೇಕ ಮನೆಗಳಿಗೆ ಆಸರೆಯಾದವು.

ಪಟ್ಟಿ ದೀರ್ಘವಾಗಿದೆ. ಆದರೆ ಒಂದು ಯೋಜನೆಯ ಆಸ್ತಿ ಮುಂದಿನ ಯೋಜನೆಗೆ ಆರಂಭಿಕ ಶಿಲ್ಕಾಗಿ ಬಂದದ್ದು ವಿರಳ. ಗುತ್ತಿಗೆ ಮುಗಿದೊಡನೆ ಬೋಧಕರು ತೆರಳಿದರು; ಉಪಗ್ರಹದ ಆಯುಷ್ಯ ತೀರಿದೊಡನೆ ತಟ್ಟೆಗಳು ನಿಷ್ಪ್ರಯೋಜಕವಾದವು. ಪ್ರತಿ ಬಾರಿಯೂ ಹೊಸ ಖಾತೆ, ಹೊಸ ಬಂಡವಾಳ.

ಮೂರು, ಆರು, ಹದಿನೆಂಟು

ಇದರ ಕಾರಣ ಲೆಕ್ಕಶಾಸ್ತ್ರದಲ್ಲಿಯೇ ಇದೆ. 2013ರ ಕಂಪನಿಗಳ ಕಾಯ್ದೆಯ ಎರಡನೆಯ ಅನುಸೂಚಿಯು ಸವಕಳಿಗಾಗಿ ಆಸ್ತಿಗಳ ಬಳಕೆಯ ಅವಧಿಯನ್ನು ಗೊತ್ತುಪಡಿಸಿದೆ. ಮೇಜಿನ ಮೇಲಿನ ಗಣಕಕ್ಕೆ 3 ವರ್ಷ, ಸರ್ವರ್ ಮತ್ತು ಜಾಲ ಉಪಕರಣಗಳಿಗೆ 6 ವರ್ಷ, ದೂರಸಂಪರ್ಕದ ಆಪ್ಟಿಕಲ್ ಫೈಬರ್ ಕೇಬಲ್ಲಿಗೆ 18 ವರ್ಷ. ಈ ಅನುಸೂಚಿ ಶಾಲೆಗಳಿಗೆ ಅನ್ವಯಿಸದು, ನಿಜ; ಆದರೆ ಅಳತೆಗೋಲಾಗಿ ಅದಕ್ಕಿಂತ ಸ್ಪಷ್ಟವಾದುದು ಬೇರಿಲ್ಲ. ಒಮ್ಮೆ ನೆಲದಲ್ಲಿ ಹೂತ ಕೇಬಲ್ ಬಾಳುವ ಕಾಲದಲ್ಲಿ ಜಾಲ ಉಪಕರಣಗಳನ್ನು ಮೂರು ಬಾರಿಯೂ ಗಣಕಗಳನ್ನು ಆರು ಬಾರಿಯೂ ಕೊಳ್ಳಬೇಕಾಗುತ್ತದೆ.

ಐ.ಸಿ.ಟಿ. ಯೋಜನೆಯಲ್ಲಿ ಬಳಕೆಗೆ ಬಂದ 'ಬೂಟ್' ಪದ್ಧತಿಯನ್ನು ಈ ಅಳತೆಯಿಂದ ನೋಡಬೇಕು. ಗುತ್ತಿಗೆದಾರನೇ ಉಪಕರಣ ಸ್ಥಾಪಿಸಿ, ನಡೆಸಿ, ಐದು ವರ್ಷಗಳ ಕೊನೆಗೆ ಶಾಲೆಗೆ ಹಸ್ತಾಂತರಿಸುವುದು ಇದರ ಕ್ರಮ. ಉದಾಹರಣೆಗಾಗಿ ಒಂದು ಗಣಕಕ್ಕೆ ರೂ. 45,000 ಎಂದಿಟ್ಟುಕೊಳ್ಳೋಣ. ಆದಾಯ ತೆರಿಗೆಯಲ್ಲಿ ಗಣಕಗಳಿಗೆ ನೀಡುವ ಶೇ. 40ರ ಸವಕಳಿಯನ್ನು ವರ್ಷ ವರ್ಷವೂ ಕಳೆಯುತ್ತ ಹೋದರೆ ಮೌಲ್ಯವು 27,000, 16,200, 9,720, 5,832 ಹೀಗೆ ಇಳಿದು ಐದನೆಯ ವರ್ಷದ ಕೊನೆಗೆ ಸುಮಾರು ರೂ. 3,500 ಉಳಿಯುತ್ತದೆ. ಶಾಲೆಯ ಪಾಲಿಗೆ ಬರುವುದು ಈ ಮೂರೂವರೆ ಸಾವಿರದ ಆಸ್ತಿ, ಅದರೊಡನೆ ಅದನ್ನು ದುರಸ್ತಿಯಲ್ಲಿಡುವ ಪೂರ್ಣ ಹೊಣೆ. ಇಂತಹ ಒಪ್ಪಂದಕ್ಕೆ ತುಮಕೂರಿನ ಯಾವ ವರ್ತಕನೂ ಸಹಿ ಹಾಕಲಾರ.

ನೆರೆರಾಜ್ಯದ ದಾರಿ

ಕೇರಳ ಇದೇ 2001ರಲ್ಲಿ 'ಐಟಿ@ಸ್ಕೂಲ್' ಯೋಜನೆಯನ್ನು ಆರಂಭಿಸಿತು. ಅಲ್ಲಿ ಹೊರಗಿನ ಬೋಧಕರಿಗೆ ಬದಲಾಗಿ ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿ, ಅವರಲ್ಲಿ ಕೆಲವರನ್ನು ತರಬೇತುದಾರರನ್ನಾಗಿ ನಿಯೋಜಿಸಲಾಯಿತು. ಪರವಾನಗಿ ಶುಲ್ಕವಿಲ್ಲದ ಮುಕ್ತ ತಂತ್ರಾಂಶವನ್ನು ಆಯ್ದುಕೊಳ್ಳಲಾಯಿತು. 2017ರಲ್ಲಿ ಯೋಜನೆಯು 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆ 45,000 ತರಗತಿಗಳನ್ನು ಗುರಿಯಾಗಿಸಿಕೊಂಡಿತು. ಅದೇ ವರ್ಷ ರೂಪುಗೊಂಡ 'ಲಿಟಲ್ ಕೈಟ್ಸ್' ಸಂಘಗಳಲ್ಲಿ ವಿದ್ಯಾರ್ಥಿಗಳೇ ಗಣಕದ ಕುಶಲತೆ ಕಲಿಯುತ್ತಾರೆ. ಇಲ್ಲಿ ಗಮನಿಸಬೇಕಾದುದು ವ್ಯವಸ್ಥೆಯ ನಿರಂತರತೆ: ಯೋಜನೆಗಳು ಬದಲಾದರೂ ಸಂಸ್ಥೆ ಉಳಿಯಿತು, ಶಿಕ್ಷಕರ ಅನುಭವ ಶಾಲೆಯಲ್ಲಿಯೇ ಜಮೆಯಾಯಿತು. ಕರ್ನಾಟಕದ 2016ರ ಕಾರ್ಯಕ್ರಮವೂ ಶಿಕ್ಷಕರ ಮೇಲೆ ಇಂತಹುದೇ ವಿಶ್ವಾಸವಿರಿಸಿತ್ತು. ಆ ಎಳೆಯನ್ನು ಕಡಿಯದೆ ಮುಂದುವರಿಸುವುದು ಲಾಭಕರ.

ಹಣ ಎಲ್ಲಿಂದ?

ದೂರವಾಣಿ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ. 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ನೀಡುತ್ತವೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರಾಯಿತು. ಎಂದರೆ ಪ್ರತಿ ವರ್ತಕನ ದೂರವಾಣಿ ಬಿಲ್ಲಿನ ಒಂದಂಶ ಈಗಾಗಲೇ ಈ ಕಾರ್ಯಕ್ಕೆ ಸಲ್ಲುತ್ತಿದೆ. ಇಂತಹುದೇ ನಿಧಿಯಿಂದ ಅಮೆರಿಕಾ 1996ರ ಕಾಯ್ದೆಯನ್ವಯ ಶಾಲೆಗಳ ಸಂಪರ್ಕ ಶುಲ್ಕದಲ್ಲಿ ಶೇ. 20ರಿಂದ 90ರವರೆಗೆ ರಿಯಾಯಿತಿ ಒದಗಿಸುತ್ತಿದೆ. ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ರಿಯಾಯಿತಿಯೂ ಹೆಚ್ಚು.

ಭಾರತದಲ್ಲಿ ಈ ನಿಧಿಯ ಪ್ರಮುಖ ಬಾಬತ್ತು 2011ರಲ್ಲಿ ಮಂಜೂರಾದ, ಇಂದು 'ಭಾರತ್ ನೆಟ್' ಎಂದು ಕರೆಯಲಾಗುವ ಗ್ರಾಮ ಪಂಚಾಯಿತಿ ಸಂಪರ್ಕ ಯೋಜನೆ. 2025-26ರ ಕೇಂದ್ರ ಮುಂಗಡ ಪತ್ರದಲ್ಲಿ, ಗ್ರಾಮೀಣ ಪ್ರದೇಶದ ಎಲ್ಲ ಸರ್ಕಾರಿ ಮಾಧ್ಯಮಿಕ ಶಾಲೆಗಳಿಗೂ ಇದರ ಮೂಲಕ ಬ್ರಾಡ್‌ಬ್ಯಾಂಡ್ ಒದಗಿಸುವುದಾಗಿ ಘೋಷಿಸಲಾಯಿತು. ವಿದ್ಯುತ್ತಿನ ವಿಷಯದಲ್ಲಿ, ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ನೀಡುವುದಾಗಿ ರಾಜ್ಯ ಸರ್ಕಾರವು 2023ರ ರಾಜ್ಯೋತ್ಸವದಂದು ಪ್ರಕಟಿಸಿತು. ಎರಡು ದೊಡ್ಡ ಖರ್ಚುಗಳಿಗೆ ದಾರಿ ತೋರಿದೆ. ಉಳಿದದ್ದು ಪಂಚಾಯಿತಿ ಕಚೇರಿಯಿಂದ ಶಾಲೆಯ ಕೊಠಡಿಯವರೆಗಿನ ಕೊನೆಯ ಎಳೆ, ಕೊಠಡಿಯೊಳಗಿನ ಉಪಕರಣ, ಅದನ್ನು ನೋಡಿಕೊಳ್ಳುವ ಮನುಷ್ಯ. ಯೋಜನೆಗಳು ಸೊರಗುವುದು ಸಾಮಾನ್ಯವಾಗಿ ಇಲ್ಲಿಯೇ. ಘೋಷಣೆಯಲ್ಲಿ ಪ್ರಾಥಮಿಕ ಶಾಲೆಗಳ ಹೆಸರಿಲ್ಲವೆಂಬುದನ್ನೂ ಮರೆಯಲಾಗದು.

ದೇಣಿಗೆಗೆ ಮುನ್ನ

ಊರಿನ ಶಾಲೆಗೆ ಗಣಕ ಕೊಡಿಸುವ ಸದುದ್ದೇಶವುಳ್ಳ ವರ್ತಕರು ಕೆಲವು ಅಂಶಗಳನ್ನು ತಿಳಿದಿರುವುದು ಒಳಿತು.

ಮೊದಲನೆಯದಾಗಿ, ದಾನವಾಗಿ ಕೊಟ್ಟ ಸರಕಿಗೆ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ; ಪಡೆದಿದ್ದರೆ ಹಿಂದಿರುಗಿಸಬೇಕು. ರೂ. 4,50,000 ಬೆಲೆಯ ಹತ್ತು ಗಣಕಗಳ ಮೇಲೆ ಶೇ. 18ರಂತೆ ರೂ. 81,000 ದಾನಿಯ ಮೇಲೆಯೇ ಬೀಳುತ್ತದೆ. ಸಾಮಾಜಿಕ ಹೊಣೆಗಾರಿಕೆಯ ಕಡ್ಡಾಯ ವೆಚ್ಚಕ್ಕೂ 2023ರ ಅಕ್ಟೋಬರ್ 1ರಿಂದ ಇದೇ ನಿಯಮ.

ಎರಡನೆಯದಾಗಿ, '80ಜಿ' ಎಂದು ಪರಿಚಿತವಾದ ದೇಣಿಗೆ ವಿನಾಯಿತಿ ವಸ್ತುರೂಪದ ದಾನಕ್ಕಿಲ್ಲ, ರೂ. 2,000 ಮೀರಿದ ನಗದು ದೇಣಿಗೆಗೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಈ ವಿನಾಯಿತಿಯೇ ಅನ್ವಯಿಸದು.

ಮೂರನೆಯದಾಗಿ, ನಿವ್ವಳ ಲಾಭ ರೂ. 5 ಕೋಟಿ ಅಥವಾ ವಹಿವಾಟು ರೂ. 1,000 ಕೋಟಿ ಅಥವಾ ನಿವ್ವಳ ಸಂಪತ್ತು ರೂ. 500 ಕೋಟಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ಜಿಲ್ಲೆಯ ದೊಡ್ಡ ಘಟಕಗಳ ಈ ಹಣ ಬಿಡಿ ಬಿಡಿಯಾಗಿ ಗಣಕಗಳ ರೂಪದಲ್ಲಿ ಹಂಚಿಹೋಗುವ ಬದಲು, ಒಂದು ತಾಲ್ಲೂಕಿನ ಶಾಲೆಗಳ ಐದು ವರ್ಷಗಳ ದುರಸ್ತಿ ವೆಚ್ಚಕ್ಕೆ ಮೀಸಲಾದರೆ ಅದರ ಫಲ ಹೆಚ್ಚು ಕಾಲ ನಿಲ್ಲುತ್ತದೆ.

ವಾಣಿಜ್ಯ ಸಮುದಾಯದ ಬೇಡಿಕೆ ಏನಿರಬೇಕು?

ರಾಜ್ಯಮಟ್ಟದ ಒಂದೇ ಟೆಂಡರಿನಲ್ಲಿ ವಹಿವಾಟಿನ ಷರತ್ತುಗಳನ್ನು ಪೂರೈಸಲು ಗುಬ್ಬಿ ಅಥವಾ ಕುಣಿಗಲ್ಲಿನ ಗಣಕ ದುರಸ್ತಿ ಅಂಗಡಿಗೆ ಸಾಧ್ಯವಿಲ್ಲ. ಆದರೆ ಹುಲಿಯೂರುದುರ್ಗದ ಶಾಲೆಯಲ್ಲಿ ಸೋಮವಾರ ಕೆಟ್ಟ ಉಪಕರಣವನ್ನು ಬುಧವಾರದೊಳಗೆ ಸರಿಪಡಿಸಬಲ್ಲವನು ಅವನೇ. ಆದುದರಿಂದ ಸಂಪರ್ಕ, ತಂತ್ರಾಂಶ ಮತ್ತು ಉಪಕರಣಗಳ ಖರೀದಿ ರಾಜ್ಯಮಟ್ಟದಲ್ಲಿ ಒಂದಾಗಿರಲಿ, ನಿರ್ವಹಣೆಯ ಗುತ್ತಿಗೆ ತಾಲ್ಲೂಕುಮಟ್ಟದಲ್ಲಿ ಬೇರೆಯಾಗಿರಲಿ ಎಂಬುದು ನ್ಯಾಯವಾದ ಬೇಡಿಕೆ. ಕೆಟ್ಟ ದಿನ, ಸರಿಪಡಿಸಿದ ದಿನಗಳನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ದಾಖಲೆಯಲ್ಲಿ ಬರೆದು, ಅದನ್ನು ನೋಡಿಯೇ ಬಿಲ್ಲು ಪಾವತಿಸುವ ಕ್ರಮವಿರಬೇಕು.

ಇದರೊಡನೆ ಬದಲಿ ನಿಧಿಯೊಂದು ಅತ್ಯಗತ್ಯ. ಮೇಲಿನ ಹತ್ತು ಗಣಕಗಳಿಗೆ ಮೂರು ವರ್ಷಗಳ ಆಯುಷ್ಯವೆಂದರೆ ವರ್ಷಕ್ಕೆ ರೂ. 1,50,000 ತೆಗೆದಿಡಬೇಕು, ಎಚ್ಚರದಿಂದ ಬಳಸಿ ಐದು ವರ್ಷ ಬಾಳಿಸಿದರೆ ರೂ. 90,000 ಸಾಕು. ಈ ಅರವತ್ತು ಸಾವಿರದ ಅಂತರವೇ ಸಕಾಲಿಕ ದುರಸ್ತಿಯ ಬೆಲೆ. ಶಾಲೆಯೊಂದಕ್ಕೆ ವರ್ಷಕ್ಕೆ ಇದಕ್ಕಿಂತ ಕಡಿಮೆ ಹಣದಲ್ಲಿ ನಿರ್ವಹಣೆ ನಡೆಯುವುದಾದರೆ ಅದು ಲಾಭದ ವ್ಯವಹಾರ.

ಲಾರಿ ಕೊಂಡ ವರ್ಷದಿಂದಲೇ ಮುಂದಿನ ಲಾರಿಗೆ ಹಣ ಎತ್ತಿಡುವುದು ವ್ಯಾಪಾರಿಗೆ ಹೊಸ ಪಾಠವಲ್ಲ. ಶಾಲೆಗಳಿಗೆ ಕೇಬಲ್ ಬರುವ ಮುನ್ನವೇ, ಸವಕಳಿಗೂ ದುರಸ್ತಿಗೂ ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು ರಾಜ್ಯದ ಆಯವ್ಯಯದಲ್ಲಿ ತೆರೆಯುವಂತೆ ಜಿಲ್ಲೆಯ ವರ್ತಕರು ಮತ್ತು ಕೈಗಾರಿಕೋದ್ಯಮಿಗಳು ಒಕ್ಕೊರಲಿನಿಂದ ಆಗ್ರಹಿಸುವುದು ಸೂಕ್ತ.