ಗಂಡಸರಿಗೂ ಆಸರೆ ಬೇಕು

ನಮ್ಮ ಧರ್ಮಕೇಂದ್ರಗಳ ವಾರ್ಡಿನ ಪ್ರಾರ್ಥನಾಕೂಟಗಳಲ್ಲಿ ಜಪಸರ ಹಿಡಿದು ಕುಳಿತವರಲ್ಲಿ ಹೆಚ್ಚಿನವರು ತಾಯಂದಿರು. ಗಂಡಸರು ಜಗಲಿಯ ಅಂಚಿನಲ್ಲಿ ನಿಂತಿರುತ್ತಾರೆ. ಹಬ್ಬದ ಚಪ್ಪರ ಕಟ್ಟಲು, ಶವಪೆಟ್ಟಿಗೆಗೆ ಹೆಗಲು ಕೊಡಲು ಅವರು ಕರೆಯದೆಯೇ ಬರುವರು. ಆದರೆ ಸಾಲ, ಕುಡಿತ, ಕೆಲಸ ಹೋದ ಅವಮಾನ ಇವುಗಳನ್ನು ಹೇಳಿಕೊಳ್ಳಲು ಅವರ ನಾಲಗೆ ಏಳದು. ಈ ಮೌನವನ್ನು ಗಂಡಸುತನವೆಂದು ನಾವೂ ಹೊಗಳುತ್ತ ಬಂದಿದ್ದೇವೆ. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಗೆ ಶರಣಾದ ಸುಮಾರು 1,71,000 ಮಂದಿಯಲ್ಲಿ 1,22,000ಕ್ಕೂ ಮಿಕ್ಕಿ ಗಂಡಸರೇ ಎಂಬುದು ಸರಕಾರದ ಲೆಕ್ಕ.

ಯೇಸುಸ್ವಾಮಿ ಗೆತ್ಸೆಮನೆಯ ತೋಪಿನಲ್ಲಿ ಮೂವರು ಶಿಷ್ಯರನ್ನು ಹತ್ತಿರ ಕರೆದು, ತಮ್ಮ ದುಃಖವನ್ನು ತೋಡಿಕೊಂಡು, ತಮ್ಮೊಡನೆ ಎಚ್ಚರವಾಗಿರಲು ಬೇಡಿಕೊಂಡರು. ಶಿಷ್ಯರು ನಿದ್ದೆಹೋದರೆಂಬುದು ಬೇರೆ ಮಾತು. ಶಿಲುಬೆಯ ಹಾದಿಯಲ್ಲಿ ಸಿರೇನಿನ ಸಿಮೋನನ ಹೆಗಲನ್ನೂ ಅವರು ಬೇಡವೆನ್ನಲಿಲ್ಲ.

ಕುಡಿತ ಬಿಡಲು ಹೆಣಗುವವರ ಸಂಘವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿದ ಬಗೆಯನ್ನು ನಮ್ಮ ಓದುಗರು ಅರಿತಿರುವುದು ಒಳ್ಳೆಯದು. 1935ರ ಮೇ ತಿಂಗಳಲ್ಲಿ ವ್ಯಾಪಾರಕ್ಕಾಗಿ ಅಮೆರಿಕದ ಆಕ್ರನ್ ನಗರಕ್ಕೆ ಬಂದು ಸೋತಿದ್ದ ಬಿಲ್ ವಿಲ್ಸನ್, ಕೆಲವೇ ತಿಂಗಳ ಹಿಂದೆ ಕುಡಿತ ಬಿಟ್ಟವರು. ಹೋಟೆಲಿನ ಬಾರು ಅವರನ್ನು ಸೆಳೆಯುತ್ತಿತ್ತು. ಅವರು ಫೋನಿನತ್ತ ನಡೆದು, ಊರಿನ ಪಾದ್ರಿಯೊಬ್ಬರಿಗೆ ಕರೆಮಾಡಿ, ತಮ್ಮಂತೆಯೇ ನರಳುವ ಇನ್ನೊಬ್ಬ ಕುಡುಕನ ಗುರುತು ಕೇಳಿದರು. ಆ ಸುಳಿವು ಹಿಡಿದು ಸಿಕ್ಕವರು ಶಸ್ತ್ರವೈದ್ಯರಾದ ಡಾ. ಬಾಬ್ ಸ್ಮಿತ್. ಹದಿನೈದೇ ನಿಮಿಷ ಎಂದು ಹೇಳಿ ಬಂದ ವೈದ್ಯರು ಗಂಟೆಗಟ್ಟಲೆ ಕುಳಿತರು. ಎದುರಿಗಿದ್ದವರು ಉಪದೇಶಿಸಲಿಲ್ಲ, ತಮ್ಮ ಪಾಡನ್ನು ಹೇಳಿಕೊಂಡರು, ಅಷ್ಟೇ. ಮುಂದಿನ ತಿಂಗಳಲ್ಲೇ ವೈದ್ಯರು ಕುಡಿತವನ್ನು ಶಾಶ್ವತವಾಗಿ ತೊರೆದರು. ಅದೇ ಊರಿನ ಸಂತ ತೋಮಸರ ಆಸ್ಪತ್ರೆಯಲ್ಲಿ 1939ರಿಂದ ಧರ್ಮಭಗಿನಿ ಇಗ್ನೇಷಿಯಾ ಇಂಥ ರೋಗಿಗಳಿಗೆ ಹಾಸಿಗೆ ಒದಗಿಸಿದರು. ಬೇರೆಡೆ ಅವರಿಗೆ ಬಾಗಿಲು ತೆರೆಯುವುದೇ ಕಷ್ಟವಾಗಿದ್ದ ಕಾಲವದು.

1940ರ ಒಂದು ಮಳೆಯ ರಾತ್ರಿ ನ್ಯೂಯಾರ್ಕಿನಲ್ಲಿ, ಮನಗುಂದಿ ಮಲಗಿದ್ದ ಬಿಲ್ ಅವರನ್ನು ಕಾಣಲು ಊರುಗೋಲೂರಿ ಕುಂಟುತ್ತ ಬಂದವರು ಯೇಸುಸಭೆಯ ವಂದನೀಯ ಎಡ್ವರ್ಡ್ ಡೌಲಿಂಗ್. ಗುರುಗಳು ಕುಡುಕರಲ್ಲ, ಬಿಲ್ ಕಥೋಲಿಕರಲ್ಲ. ಆದರೂ ಆ ರಾತ್ರಿ ಬಿಲ್ ತಮ್ಮ ಮನದ ಗಂಟನ್ನೆಲ್ಲ ಬಿಚ್ಚಿದರು. 1960ರಲ್ಲಿ ಗುರುಗಳು ದೈವಾಧೀನರಾಗುವ ತನಕ ಆ ಗೆಳೆತನ ಉಳಿಯಿತು. ಇತರರಿಗೆ ದಾರಿ ತೋರುತ್ತಿದ್ದವರಿಗೂ ಕೇಳುವ ಕಿವಿಯೊಂದು ಬೇಕಾಗಿತ್ತು. ಮನೆಯ ಯಜಮಾನರು, ವಾರ್ಡಿನ ಗುರಿಕಾರರು, ನಮ್ಮ ಗುರುಗಳು ಸಹ ಇದನ್ನು ಗಮನಿಸಬೇಕೆಂದು ನಮ್ಮ ಅನಿಸಿಕೆ.

ಈ ಸಂಘದ ಗುಂಪುಗಳು ನಮ್ಮ ನಾಡಿನಲ್ಲೂ ಇವೆ. ವಾರಕ್ಕೊಂದು ಸಂಜೆ ಅವರಿಗೆ ಚರ್ಚಿನ ಕೋಣೆಯೊಂದನ್ನು ಬಿಟ್ಟುಕೊಡುವುದಕ್ಕೆ ದೊಡ್ಡ ಖರ್ಚಿಲ್ಲ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಗೆ ಅಕ್ಕಿ ಒಯ್ಯುವಾಗ, ಯಜಮಾನನೊಡನೆ ಅರ್ಧ ಗಂಟೆ ಕುಳಿತು ಬರಬಹುದು. ಗಲ್ಫಿನಿಂದ ಕೆಲಸ ಕಳೆದುಕೊಂಡು ಮರಳಿದವನ ಮನೆಗೆ ಅಕ್ಕಿ ಬೇಕಾಗದಿದ್ದರೂ ಆ ಅರ್ಧ ಗಂಟೆ ಬೇಕಾದೀತು. ಹತ್ತಿರದವರಲ್ಲಿ ಬಾಯಿಬಿಡಲಾಗದವರಿಗೆ ‘ಟೆಲಿ ಮಾನಸ್’ ಇದೆ. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು, ಬಲಿಪೂಜೆಯ ಹೊತ್ತಿಗೆ ಗಂಡಸರು ನಿಲ್ಲುವ ಹಿಂಬಾಗಿಲ ಬಳಿಯೇ ಬರೆದು ಹಚ್ಚಿದರೆ ಅನುಕೂಲ.