ಸರಪಳಿಯೂ ನಾಟಿಕಲ್ ಮೈಲಿಯೂ

ಮಾಗಡಿ, ಕನಕಪುರಗಳ ಕಡೆ ಕಾರ್ಖಾನೆಗೆಂದು ಜಮೀನು ಕೊಳ್ಳುವವರು ಹಳೆಯ ಪತ್ರಗಳಲ್ಲಿ ಕಾಣುವ ‘ಸರಪಳಿ’ಯ ಉದ್ದವನ್ನು ಮೊದಲು ಅರಿಯತಕ್ಕದ್ದು. ನಮ್ಮ ಕಂದಾಯ ಅಳತೆಯ ಸರಪಳಿ 33 ಅಡಿ; ಅದರ ಒಂದು ಚದರವೇ ಗುಂಟೆ. ಇಂಗ್ಲಿಷರ ಗಂಟರ್ ಸರಪಳಿ 66 ಅಡಿ. 4 ಸರಪಳಿ ಅಗಲ, 5 ಸರಪಳಿ ಉದ್ದದ ಜಾಗವು ಮೊದಲನೆಯದರಲ್ಲಿ 20 ಗುಂಟೆ, ಎರಡನೆಯದರಲ್ಲಿ 2 ಎಕರೆ! ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಸರ್ವೆ ನಕ್ಷೆಯೊಡನೆ ತಾಳೆ ನೋಡುವುದು ಅವಶ್ಯ.

ಚನ್ನಪಟ್ಟಣದ ಗೊಂಬೆಗಳನ್ನು ಹಡಗಿನಲ್ಲಿ ಕಳುಹಿಸುವವರ ತೊಡಕು ಬೇರೆ. ಕಡಲದಾರಿಯ ದೂರವನ್ನು ಹೇಳುವುದು ನಾಟಿಕಲ್ ಮೈಲಿಯಲ್ಲಿ. ಅದು 1852 ಮೀಟರು. ನೆಲದ ಮೈಲಿ ಸುಮಾರು 1609 ಮೀಟರು ಮಾತ್ರ. 1000 ನಾಟಿಕಲ್ ಮೈಲಿಯನ್ನು ನೆಲದ ಮೈಲಿಯೆಂದು ಎಣಿಸಿದರೆ 243 ಕಿಲೋಮೀಟರು ಲೆಕ್ಕದಿಂದ ಬಿಟ್ಟುಹೋಗಿ, ಗ್ರಾಹಕನಿಗೆ ಕೊಟ್ಟ ದಿನಾಂಕ ತಪ್ಪುತ್ತದೆ. ನಮ್ಮ ಸರಪಳಿಯಲ್ಲೇ ಹೇಳುವುದಾದರೆ, ಒಂದು ನಾಟಿಕಲ್ ಮೈಲಿಗೆ 184 ಸರಪಳಿ, ತುಸು ಹೆಚ್ಚು.